ಡಿಲೀಟ್ ಆದ ಫೈಲನ್ನು ಹುಡುಕುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನ ಡಿ ಡ್ರೈವಿನಲ್ಲಿದ್ದ ಒಂದು ಫೋಲ್ಡರನ್ನು ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡಿದಿರಿ ಎಂದುಕೊಳ್ಳಿ. ರೀಸೈಕಲ್ ಬಿನ್ ತೆರೆದರೆ ಅಲ್ಲಿಲ್ಲ. ಆಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಗಾಬರಿಯಲ್ಲಿ ಬ್ರೌಸರ್ ತೆರೆಯುತ್ತೇವೆ, ಒಂದು ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡುತ್ತೇವೆ, ಅದನ್ನು ಅದೇ ಡ್ರೈವಿಗೆ ಇನ್‌ಸ್ಟಾಲ್ ಮಾಡುತ್ತೇವೆ. ಬಹಳ ಸಲ ಫೈಲ್ ನಿಜವಾಗಿ ನಾಶವಾಗುವುದು ಈ ಹೊತ್ತಿನಲ್ಲೇ, ಡಿಲೀಟ್ ಒತ್ತಿದಾಗ ಅಲ್ಲ.

ಯಾಕೆ ಅಂತ ನೋಡೋಣ. ವಿಂಡೋಸ್ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ, ಅಂದರೆ ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಕ್ರಮ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದದ್ದು. ಅದರಲ್ಲಿ ಮಾಸ್ಟರ್ ಫೈಲ್ ಟೇಬಲ್ ಅಂತ ಒಂದು ಪಟ್ಟಿ. ಪ್ರತಿ ಫೈಲಿಗೂ ಅಲ್ಲಿ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ: ಹೆಸರು, ತಾರೀಖು, ಗಾತ್ರ, ಮತ್ತು ಫೈಲಿನ ಮಾಹಿತಿ ಡಿಸ್ಕಿನ ಯಾವ ಯಾವ ಜಾಗದಲ್ಲಿ ಕೂತಿದೆ ಎಂಬ ವಿಳಾಸ. ಆ ಜಾಗವನ್ನು ಕ್ಲಸ್ಟರ್ ಎಂಬ, ಸಾಮಾನ್ಯವಾಗಿ 4 ಕಿಲೋಬೈಟಿನ, ತುಂಡುಗಳಲ್ಲಿ ಅಳೆಯುತ್ತಾರೆ. ಡಿಲೀಟ್ ಮಾಡಿದಾಗ ವಿಂಡೋಸ್ ಮುಖ್ಯವಾಗಿ ಎರಡು ಗುರುತು ಬದಲಾಯಿಸುತ್ತದೆ. ಈ ದಾಖಲೆ ಬಳಕೆಯಲ್ಲಿಲ್ಲ ಎಂದು ಒಂದು, ಈ ಕ್ಲಸ್ಟರುಗಳು ಖಾಲಿ ಇವೆ ಎಂದು ಇನ್ನೊಂದು. ಒಳಗಿನ ಮಾಹಿತಿಯನ್ನು ಮುಟ್ಟುವುದೇ ಇಲ್ಲ. ಪಹಣಿಯಲ್ಲಿ ಹೆಸರು ಹೊಡೆದ ಮಾತ್ರಕ್ಕೆ ಹೊಲದ ಬೆಳೆ ಮಾಯವಾಗುವುದಿಲ್ಲವಲ್ಲ, ಹಾಗೆ. ಬೇರೊಬ್ಬರು ಬಂದು ಉಳುವ ತನಕ ಅದು ನಿಂತೇ ಇರುತ್ತದೆ. ಆ ಖಾಲಿ ಜಾಗಕ್ಕೆ ಹೊಸದೇನಾದರೂ ಬಂದು ಕೂತರೆ ಮಾತ್ರ ಹಳೆಯದು ಹೋಯಿತು. ಒಮ್ಮೆ ಹಾಗೆ ಹೋದದ್ದನ್ನು ಯಾವ ಸಾಫ್ಟ್‌ವೇರೂ, ಯಾವ ಪ್ರಯೋಗಾಲಯವೂ ತಂದುಕೊಡುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಆ ಡ್ರೈವಿಗೆ ಬರೆಯುವುದನ್ನು ನಿಲ್ಲಿಸುವುದು. ಹೋದ ಫೈಲ್ ಡಿ ಡ್ರೈವಿನದ್ದಾದರೆ ಅಷ್ಟು ಕಷ್ಟವಿಲ್ಲ, ಅಲ್ಲಿಗೆ ಏನನ್ನೂ ಹಾಕದಿದ್ದರೆ ಆಯಿತು. ಸಿ ಡ್ರೈವಿನದ್ದಾದರೆ ಕಥೆ ಬೇರೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಈ ಮೂರೂ ಸಾಮಾನ್ಯವಾಗಿ ಸಿ ಒಳಗೇ ಇರುತ್ತವೆ ಎನ್ನುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನೀವು ಸುಮ್ಮನೆ ಕೂತಿದ್ದರೂ ವಿಂಡೋಸ್ ಸಿ ಡ್ರೈವಿಗೆ ಏನಾದರೂ ಬರೆಯುತ್ತಲೇ ಇರುತ್ತದೆ: ಮೆಮೊರಿ ಸಾಲದಾಗ ಬಳಸುವ ಪೇಜ್ ಫೈಲ್, ಬ್ರೌಸರಿನ ಕ್ಯಾಶ್, ಅಪ್‌ಡೇಟ್. ಯಂತ್ರವನ್ನು ಆಫ್ ಮಾಡಿಬಿಡಿ. ಆಫ್ ಮಾಡಲು ಹೋದಾಗ 'ಅಪ್‌ಡೇಟ್ ಅಂಡ್ ಶಟ್ ಡೌನ್' ಒಂದೇ ಕಾಣಿಸಿದರೆ ಅದನ್ನು ಒತ್ತಬೇಡಿ. ಪವರ್ ಬಟನ್ನನ್ನು ಆರುವ ತನಕ ಒತ್ತಿ ಹಿಡಿಯಿರಿ. ಹಾಗೆ ಆರಿಸುವುದು ಒಳ್ಳೆಯ ಅಭ್ಯಾಸವೇನಲ್ಲ. ಆದರೆ ಈ ಸಂದರ್ಭದಲ್ಲಿ ಗಿಗಾಬೈಟ್ ಲೆಕ್ಕದ ಅಪ್‌ಡೇಟ್ ಬಂದು ಕೂರುವುದಕ್ಕಿಂತ ಅದೇ ವಾಸಿ.

ಡಿಸ್ಕ್ ಬಿಚ್ಚುವ ಮೊದಲು ಸುಲಭದ ಜಾಗಗಳಲ್ಲಿ ಹುಡುಕಿ, ಇದಕ್ಕೆ ಇನ್ನೊಂದು ಫೋನೋ ಕಂಪ್ಯೂಟರೋ ಸಾಕು. ಫೈಲ್ ಗೂಗಲ್ ಡ್ರೈವಿನಲ್ಲಿ ಇದ್ದದ್ದಾದರೆ ಅಲ್ಲಿನ ಟ್ರ್ಯಾಷ್‌ನಲ್ಲಿ 30 ದಿನ ಇರುತ್ತದೆ. ಇಮೇಲಿನ ಸೆಂಟ್ ಫೋಲ್ಡರ್, ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ, ಇವನ್ನೂ ನೋಡಿ. ಇನ್ನೊಂದು ಮಾತು, ಪೆನ್‌ಡ್ರೈವಿನಿಂದ ಡಿಲೀಟ್ ಮಾಡಿದ್ದು, ಆಫೀಸಿನ ನೆಟ್‌ವರ್ಕ್ ಡ್ರೈವಿನಿಂದ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ ನಿಮ್ಮ ರೀಸೈಕಲ್ ಬಿನ್ನಿಗೆ ಬರುವುದೇ ಇಲ್ಲ. ಬಿನ್ನಿಗೆ ಇಟ್ಟಿರುವ ಮಿತಿಗಿಂತ ದೊಡ್ಡ ಫೈಲೂ ಅಷ್ಟೇ.

ಈಗ ಒಂದು ಮುಖ್ಯ ಪ್ರಶ್ನೆ. ನಿಮ್ಮಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವಿಲ್ಲದೆ ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯೋ? ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಹೆಸರಿನ ಕೆಳಗೆ ಅದು ಬರೆದಿರುತ್ತದೆ. ಎಸ್‌ಎಸ್‌ಡಿ ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ವಿಂಡೋಸ್ 7ರಿಂದ ಈಚೆಗೆ ಡಿಲೀಟ್ ಆದ ಕೂಡಲೇ 'ಈ ಜಾಗ ಇನ್ನು ಬೇಡ' ಎಂಬ ಸೂಚನೆ ಎಸ್‌ಎಸ್‌ಡಿಗೆ ಹೋಗುತ್ತದೆ, ಅದಕ್ಕೆ ಟ್ರಿಮ್ ಅನ್ನುತ್ತಾರೆ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹೆಸರನ್ನೂ ಗಾತ್ರವನ್ನೂ ಸರಿಯಾಗಿಯೇ ತೋರಿಸುತ್ತದೆ, ತೆರೆದರೆ ಒಳಗೆ ಬರೀ ಸೊನ್ನೆ. ಹಣ ಕೊಟ್ಟು ಸಾಫ್ಟ್‌ವೇರ್ ಕೊಂಡವರು ಮೋಸ ಹೋಗುವುದು ಇಲ್ಲಿ: ಉಚಿತ ಆವೃತ್ತಿ ಪಟ್ಟಿಯನ್ನೆಲ್ಲ ಚೆನ್ನಾಗಿ ತೋರಿಸಿರುತ್ತದೆ. ಇನ್ನು ಮುಂದೆ ಹೇಳುವುದೆಲ್ಲ ತಿರುಗುವ ಡಿಸ್ಕಿನ ಮಾತು.

ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಚ್ಚುವುದು ಎಲ್ಲಕ್ಕಿಂತ ಸುರಕ್ಷಿತ. ಯುಎಸ್‌ಬಿಯಿಂದ ಸಾಟಾಗೆ, ಅಂದರೆ ಡಿಸ್ಕಿನ ಕಿಂಡಿಗೆ, ಹಚ್ಚುವ ಕೇಬಲ್ ಬೇಕು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದ್ದಕ್ಕೆ 12 ವೋಲ್ಟ್ ಕೂಡ ಬೇಕು, ಅಂದರೆ ಪವರ್ ಅಡಾಪ್ಟರ್ ಇರುವ ಕೇಬಲ್ಲನ್ನೇ ತನ್ನಿ. ಅದಿಲ್ಲದಿದ್ದರೆ ಡಿಸ್ಕ್ ತಿರುಗುವುದೇ ಇಲ್ಲ, ಕೆಟ್ಟಿದೆ ಅಂದುಕೊಂಡುಬಿಡುತ್ತೀರಿ. ಹಚ್ಚಿದ ಕೂಡಲೇ ವಿಂಡೋಸ್ ಏನೇನೋ ಕೇಳಬಹುದು: ಸ್ಕ್ಯಾನ್ ಮಾಡಿ ಸರಿಪಡಿಸಲೇ, ಡಿಸ್ಕನ್ನು ಇನಿಶಿಯಲೈಸ್ ಮಾಡಲೇ, ಫಾರ್ಮ್ಯಾಟ್ ಮಾಡಲೇ. ಎಲ್ಲಕ್ಕೂ ಬೇಡ ಅನ್ನಿ. ಚೆಕ್ ಡಿಸ್ಕ್ ಕೂಡ ಈಗ ಓಡಿಸಬೇಡಿ. ಅದು ಫೈಲ್ ವ್ಯವಸ್ಥೆಯನ್ನು ನೆಟ್ಟಗೆ ಮಾಡುವ ಸಾಧನ, ನಿಮ್ಮ ಫೈಲನ್ನು ಉಳಿಸುವ ಸಾಧನವಲ್ಲ. ನೆಟ್ಟಗೆ ಮಾಡುವ ಭರದಲ್ಲಿ ನಮಗೆ ಬೇಕಾದ ಗುರುತುಗಳನ್ನೇ ಒರೆಸಿಬಿಡಬಲ್ಲದು.

ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಇರುವ ಡಿಸ್ಕಾದರೆ ಬೇರೆ ಯಂತ್ರದಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ.

ಮುಂದೆ ಹೋಗುವ ಮೊದಲು ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಧನ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು, ಅಂದರೆ ಸ್ಮಾರ್ಟ್ ವರದಿಯನ್ನು, ತೋರಿಸುತ್ತದೆ. ಅದರಲ್ಲಿ ನಾಲ್ಕು ಸಂಖ್ಯೆ ಗುರುತಿಟ್ಟುಕೊಂಡರೆ ಸಾಕು. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ, ಅಂದರೆ ಡಿಸ್ಕಿನ ಪುಟ್ಟ ತುಂಡುಗಳ, ಲೆಕ್ಕ. 197 ಓದಲು ತಕರಾರು ಮಾಡುತ್ತಿರುವ ಸೆಕ್ಟರುಗಳದ್ದು, 198 ಓದಲಾಗದೇ ಹೋದವುಗಳದ್ದು. ಇವುಗಳ ನಿಜವಾದ ಎಣಿಕೆ, ಅಂದರೆ ರಾ ವ್ಯಾಲ್ಯೂ, ಸೊನ್ನೆ ಇರಬೇಕು. ನಾಲ್ಕನೆಯದು 199, ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ. ಅದು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಡಿಸ್ಕಿನದ್ದಲ್ಲ, ಕೇಬಲಿನದ್ದು, ಬದಲಾಯಿಸಿ ನೋಡಿ. ಒಂದು ತೊಡಕಿದೆ, ಈ ಸಾಧನ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವುದುಂಟು. ಆಗ 197 ಎನ್ನುವುದು ಸಿ 5 ಎಂದೂ 198 ಎನ್ನುವುದು ಸಿ 6 ಎಂದೂ ಕಾಣಿಸುತ್ತದೆ.

197 ಸೊನ್ನೆಗಿಂತ ಮೇಲಿದ್ದರೆ ನೇರವಾಗಿ ಸ್ಕ್ಯಾನ್ ಓಡಿಸಬೇಡಿ. ಸೋತ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಹುಡುಕಾಟ ನಡೆಸಿದರೆ ನಡುವೆಯೇ ಪ್ರಾಣ ಬಿಡುತ್ತದೆ. ಮೊದಲು ಇಡೀ ಡಿಸ್ಕಿನ ಪ್ರತಿ, ಅಂದರೆ ಇಮೇಜ್, ತೆಗೆಯಬೇಕು. ಇದಕ್ಕೆ ಲಿನಕ್ಸಿನ ಡಿಡಿ‌ರೆಸ್ಕ್ಯೂ ಅತ್ಯುತ್ತಮ. ಲಿನಕ್ಸ್ ವಿಂಡೋಸಿನಂಥದ್ದೇ ಇನ್ನೊಂದು ಕಾರ್ಯವ್ಯವಸ್ಥೆ, ಅದನ್ನು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಬಹುದು. ಡಿಡಿ‌ರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ತೊಂದರೆ ಕೊಡುವ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆದ್ದರಿಂದ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಕೆಟ್ಟ ಜಾಗಗಳಿಗೆ ಮರಳಿ ಹೋಗುವುದು ಆಮೇಲಿನ ಸುತ್ತಿನಲ್ಲಿ. ಆಜ್ಞೆಯಲ್ಲಿ ಮೊದಲು ಬರುವುದು ಓದಬೇಕಾದ ಡಿಸ್ಕು, ಆಮೇಲೆ ಬರೆಯಬೇಕಾದ ಜಾಗ. ಈ ಎರಡು ಅದಲುಬದಲಾದರೆ ಎಲ್ಲ ಮುಗಿಯಿತು, ಹಾಗಾಗಿ ಡಿಸ್ಕಿನ ಮಾಡೆಲ್ ಹೆಸರು ಮತ್ತು ಗಾತ್ರ ಎರಡನ್ನೂ ನೋಡಿಯೇ ಎಂಟರ್ ಒತ್ತಿ.

ಒಂದು ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ 100 ಮೆಗಾಬೈಟ್ ವೇಗ ಸಿಕ್ಕರೆ ಸುಮಾರು ಮೂರು ಗಂಟೆ ಬೇಕು. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಹಚ್ಚಿದರೆ ಎಂಟೊಂಬತ್ತು ಗಂಟೆ. ಇಮೇಜ್ ಹಾಕಲು ಒಂದು ಟೆರಾಬೈಟಿನ ಇನ್ನೊಂದು ಡಿಸ್ಕ್ ತಂದರೆ ಕೊನೆಯಲ್ಲಿ ಜಾಗ ಸಾಲದೆ ಹೋಗಬಹುದು, ಎರಡು ಟೆರಾಬೈಟಿನದ್ದೇ ಇರಲಿ. ಅದರ ಫೈಲ್ ವ್ಯವಸ್ಥೆ ಫ್ಯಾಟ್ 32 ಆಗಿರಬಾರದು, ಅದರಲ್ಲಿ 4 ಗಿಗಾಬೈಟ್ ಮುಟ್ಟುವ ಫೈಲ್ ಹಿಡಿಸುವುದಿಲ್ಲ.

ಡಿಸ್ಕಿನಿಂದ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ? ಅದು ಹೆಡ್, ಅಂದರೆ ಮಾಹಿತಿ ಓದುವ ಬರೆಯುವ ಭಾಗ, ಸೋತ ಲಕ್ಷಣ. ಇಮೇಜೂ ಬೇಡ, ಇನ್ನೊಮ್ಮೆ ಆನ್ ಮಾಡುವುದೂ ಬೇಡ. ತಿರುಗುವ ತಟ್ಟೆಯ ಮೇಲೆ ಹೆಡ್ ತೇಲುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಮನೆಯ ಧೂಳಿನ ಕಣ ಅದರ ಎಷ್ಟೋ ಪಟ್ಟು ದಪ್ಪ. ಹಾಗಾಗಿ ಡಿಸ್ಕಿನ ಮುಚ್ಚಳ ತೆರೆಯುವುದು ಧೂಳಿಲ್ಲದ ಕ್ಲೀನ್ ರೂಮಿನ ಕೆಲಸ. ಫ್ರಿಜ್ಜಿನಲ್ಲಿಟ್ಟು ತೆಗೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಿ ಬಿಟ್ಟುಬಿಡಿ. ಒಳಗೆ ತೇವ ಕಟ್ಟಿ ಇನ್ನಷ್ಟು ಕೆಡುತ್ತದೆ. ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಹಾಕಿದರೂ ಈಗಿನ ಡಿಸ್ಕುಗಳು ನಡೆಯುವುದು ಅಪರೂಪ. ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಹಳೆಯ ಬೋರ್ಡಿನ ರೋಮ್ ಚಿಪ್ಪಿನಲ್ಲಿರುತ್ತದೆ, ಅದನ್ನೂ ಬಿಡಿಸಿ ಹಚ್ಚಬೇಕಾಗುತ್ತದೆ.

ಡಿಸ್ಕ್ ಆರೋಗ್ಯವಾಗಿದೆ, ಬರೀ ಡಿಲೀಟ್ ಆಗಿದೆ ಎಂದರೆ ಕೆಲಸ ಸಲೀಸು. ಮೈಕ್ರೋಸಾಫ್ಟಿನದ್ದೇ ವಿಂಡೋಸ್ ಫೈಲ್ ರಿಕವರಿ ಎಂಬ ಉಚಿತ ಸಾಧನ 2020ರಲ್ಲಿ ಬಂತು, ವಿಂಡೋಸ್ 10ರ 2004 ಆವೃತ್ತಿಯಿಂದ ಮೇಲಿನದ್ದರಲ್ಲಿ ನಡೆಯುತ್ತದೆ. ಚಂದದ ಪರದೆ ಇಲ್ಲ, ಕಮಾಂಡ್ ಪ್ರಾಂಪ್ಟಿನಲ್ಲಿ ಟೈಪ್ ಮಾಡಬೇಕು, ಅದೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು. ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ. ಡಬ್ಲ್ಯೂ ಐ ಎನ್ ಎಫ್ ಆರ್, ಐದೂ ಅಕ್ಷರ ಕೂಡಿಸಿ. ಸ್ಪೇಸ್. ಡಿ ಕೋಲನ್, ಇದು ಫೈಲ್ ಹೋದ ಡ್ರೈವ್. ಸ್ಪೇಸ್. ಇ ಕೋಲನ್, ಇದು ಸಿಕ್ಕಿದ್ದನ್ನು ಹಾಕುವ ಡ್ರೈವ್. ಸ್ಪೇಸ್. ಸ್ಲ್ಯಾಶ್ ರೆಗ್ಯುಲರ್. ಸ್ಪೇಸ್. ಸ್ಲ್ಯಾಶ್ ಎನ್. ಸ್ಪೇಸ್. ನಕ್ಷತ್ರ ಚಿಹ್ನೆ, ಚುಕ್ಕಿ, ಡಿ ಒ ಸಿ ಎಕ್ಸ್. ಅಂದರೆ ವರ್ಡ್ ಫೈಲುಗಳನ್ನೆಲ್ಲ ಹುಡುಕು ಎಂದು. ಎರಡು ಡ್ರೈವುಗಳು ಬೇರೆ ಬೇರೆ ಇರಲೇಬೇಕು. ಸಿಕ್ಕಿದ್ದೆಲ್ಲ ಇ ಡ್ರೈವಿನಲ್ಲಿ ರಿಕವರಿ ಎಂದು ಶುರುವಾಗುವ ಹೆಸರಿನ ಫೋಲ್ಡರಿಗೆ ಬೀಳುತ್ತದೆ. ಡಿಲೀಟ್ ಮಾಡಿ ಬಹಳ ದಿನವಾಗಿದ್ದರೆ ಅಥವಾ ಡ್ರೈವ್ ಫಾರ್ಮ್ಯಾಟ್ ಆಗಿದ್ದರೆ ರೆಗ್ಯುಲರ್ ಬದಲು ಎಕ್ಸ್‌ಟೆನ್ಸಿವ್ ಎಂದು ಕೊಡಿ. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಮಾತ್ರ ಇದು ಫಲ ಕೊಡುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಡ್ರೈವಿನ ತುಂಬ ಸೊನ್ನೆ ಬರೆಯುವುದು.

ಟೈಪ್ ಮಾಡುವ ಗೋಜು ಬೇಡ ಎನ್ನುವವರಿಗೆ ರಿಕುವಾ ಎಂಬ ರಿಕವರಿ ಸಾಫ್ಟ್‌ವೇರ್ ಇದೆ. ಪೆನ್‌ಡ್ರೈವಿನಿಂದ ಓಡಿಸುವ ಪೋರ್ಟಬಲ್ ಆವೃತ್ತಿ ತೆಗೆದುಕೊಳ್ಳಿ. ಸಿಕ್ಕ ಫೈಲುಗಳ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಚುಕ್ಕಿ ಹಾಕುತ್ತದೆ. ಹಸಿರು ಕಂಡು ಖುಷಿಪಡಲು ಅವಸರ ಬೇಡ. ಆ ಜಾಗದಲ್ಲಿ ಈಗ ಬೇರೆ ಫೈಲ್ ಇಲ್ಲ ಎಂದಷ್ಟೇ ಅದರ ಅರ್ಥ. ನಡುವೆ ಇನ್ನೊಂದು ಫೈಲ್ ಅಲ್ಲಿ ಬಂದು ಕೂತು, ಅದೂ ಡಿಲೀಟ್ ಆಗಿ ಹೋಗಿದ್ದರೂ ಹಸಿರೇ ಕಾಣುತ್ತದೆ. ತೆರೆದು ನೋಡಿದ ಮೇಲೇ ನಂಬಿ.

ಫೈಲ್ ಟೇಬಲಿನ ದಾಖಲೆಯೇ ಅಳಿಸಿಹೋಗಿದ್ದರೆ ಫೋಟೋರೆಕ್ ಎಂಬ ಸಾಧನ ಕೈ ಹಿಡಿಯುತ್ತದೆ. ಹೆಸರು ಫೋಟೋ ಅಂತಿದ್ದರೂ ನೂರಾರು ಬಗೆಯ ಫೈಲ್ ಹುಡುಕುತ್ತದೆ. ಅದು ಪಟ್ಟಿಯನ್ನು ನೋಡುವುದಿಲ್ಲ, ಫೈಲಿನ ತಲೆಯ ಗುರುತನ್ನು ನೋಡುತ್ತದೆ: ಜೆಪೆಗ್ ಫೋಟೋ ಎಫ್ ಎಫ್ ಡಿ 8 ಎಂಬ ಬೈಟುಗಳಿಂದ ಶುರುವಾಗುತ್ತದೆ, ವರ್ಡಿನ ಹೊಸ ಬಗೆಯ ಫೈಲು ಪಿ ಕೆ ಎಂಬ ಎರಡು ಅಕ್ಷರಗಳಿಂದ. ಸ್ಕ್ಯಾನಿಗೆ ಮೊದಲು ಫೈಲ್ ಆಪ್ಟ್ ಒತ್ತಿ, ಎಲ್ಲ ಬಗೆಯನ್ನೂ ತೆಗೆದು, ಬೇಕಾದ್ದನ್ನು ಮಾತ್ರ ಆರಿಸಿ. ಇಲ್ಲವಾದರೆ ಬ್ರೌಸರಿನ ಸಾವಿರಾರು ಚಿಲ್ಲರೆ ಚಿತ್ರಗಳ ನಡುವೆ ನಿಮ್ಮ ಫೋಟೋ ಹುಡುಕಬೇಕಾದೀತು. ಫ್ರೀ, ಹೋಲ್ ಎಂಬ ಎರಡು ಆಯ್ಕೆ ಬಂದಾಗ ಬರೀ ಡಿಲೀಟ್ ಆಗಿದ್ದರೆ ಫ್ರೀ, ಫೈಲ್ ವ್ಯವಸ್ಥೆಯೇ ಕೆಟ್ಟಿದ್ದರೆ ಹೋಲ್. ಹಳೆಯ ಹೆಸರುಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಎಫ್ ಮುಂದೆ ಒಂದಷ್ಟು ಅಂಕಿ, ಅಷ್ಟೇ. ತುಂಡುತುಂಡಾಗಿ ಬೇರೆ ಬೇರೆ ಕಡೆ ಕೂತ ದೊಡ್ಡ ಫೈಲುಗಳೂ ಇದಕ್ಕೆ ಕಷ್ಟ. ಮದುವೆಯ ವಿಡಿಯೋ ಪೂರ್ತಿ ಸಿಗದೆ, ಸಣ್ಣ ಫೋಟೋಗಳೆಲ್ಲ ಸಿಗುವುದು ಅದಕ್ಕೇ.

ಅರೆಬರೆ ಸಿಕ್ಕಿದ್ದರಲ್ಲೂ ಉಳಿಸಿಕೊಳ್ಳುವುದು ಇರುತ್ತದೆ. ಫೋಟೋದ ಮೇಲರ್ಧ ಸರಿಯಿದ್ದು ಕೆಳಗೆ ಬೂದು ಬಣ್ಣ ಇದ್ದರೆ ಆ ಮೇಲರ್ಧವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಹೊಸ ಬಗೆಯ ವರ್ಡ್ ಫೈಲ್ ನಿಜದಲ್ಲಿ ಒಂದು ಜಿಪ್. ವರ್ಡಿನಲ್ಲಿ ತೆರೆಯದಿದ್ದರೆ 7-ಜಿಪ್‌ನಲ್ಲಿ ತೆರೆದು ನೋಡಿ. ಒಳಗಿನ ವರ್ಡ್ ಫೋಲ್ಡರಿನಲ್ಲಿ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲ್ ಸಿಕ್ಕರೆ ಬರಹ ಅದರಲ್ಲೇ ಇರುತ್ತದೆ.

ಕೊನೆಯದಾಗಿ, ಕನ್ನಡದ ಹಳೆಯ ಫೈಲುಗಳ ಬಗ್ಗೆ. ಕಷ್ಟಪಟ್ಟು ತೆಗೆದ ವರ್ಡ್ ಫೈಲನ್ನು ತೆರೆದಾಗ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಪೌಂಡಿನ ಚಿಹ್ನೆ, ಹೀಗೆ ಸಾಲುಸಾಲು ಕಂಡರೆ ಫೈಲ್ ಕೆಟ್ಟಿದೆ ಎಂದು ಬಿಸಾಡಬೇಡಿ. ನಾನು ಹೇಳಿದ ಆ ಮೂರು ಚಿಹ್ನೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ 'ಕನ್ನಡ' ಎಂಬ ಪದದ ಮೊದಲಲ್ಲೇ ಬರುತ್ತವೆ. ನುಡಿಯ, ಬರಹ ಎಂಬ ಇನ್ನೊಂದು ತಂತ್ರಾಂಶದ ಹಳೆಯ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆಯೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದವು. ನೀವು ರಿಕವರಿಗೆ ಬಳಸಿದ ಯಂತ್ರದಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ನುಡಿ ಹಾಕಿಕೊಂಡು, ಫೈಲಿನ ಪಠ್ಯವನ್ನೆಲ್ಲ ಆರಿಸಿ, ಫಾಂಟ್ ಬದಲಾಯಿಸಿ. ಅಕ್ಷರಗಳು ಸರಿಯಾಗಿ ಮೂಡಿದ ಮೇಲೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿನ ಇನ್ನೊಂದು ಪ್ರತಿಯನ್ನೂ ಮಾಡಿಟ್ಟುಕೊಳ್ಳಿ, ಅದನ್ನು ಬೇರೆ ಡಿಸ್ಕಿನಲ್ಲಿ ಇಡಿ.

ನಮಸ್ಕಾರ.