ಇಬ್ಬನಿ ಕನಿಯೊಳಗೆ ಒಂದು ದಾಸವಾಳ: ಮನೆಯಂಗಳದ ಮ್ಯಾಕ್ರೋ ಫೋಟೋ

[ತೆರೆಯ ಮೇಲೆ ಅಕ್ಕಪಕ್ಕ ಎರಡು ಫೋಟೋ. ಎಡಕ್ಕೆ ನಂದಿಬಟ್ಟಲಿನ ಎಲೆ, ಮೈತುಂಬ ಪುಟ್ಟ ಪುಟ್ಟ ಕನಿ. ಬಲಕ್ಕೆ ಕೆಸುವಿನ ಎಲೆಯ ತುದಿಯಲ್ಲಿ ಒಂದೇ ಒಂದು ದಪ್ಪ ಕನಿ.]

ನಮಸ್ಕಾರ. ಈ ಎರಡೂ ಫೋಟೋಗಳು ಬದಿಯಡ್ಕದ ಹತ್ತಿರ ಒಂದೇ ಮನೆಯಲ್ಲಿ, ಒಂದೇ ಬೆಳಗ್ಗೆ ತೆಗೆದದ್ದು. ನೋಡಿದ ಕೂಡಲೇ ಎರಡೂ ಇಬ್ಬನಿ ಅಂತೇವೆ, ಅಲ್ವಾ? ಆದರೆ ಎಡಗಡೆಯದು ಮಾತ್ರ ಇಬ್ಬನಿ. ಬಲಗಡೆಯ ನೀರು ಗಾಳಿಯಿಂದ ಬಂದದ್ದಲ್ಲ. ಗಿಡದ ಬೇರಿನಿಂದ ಮೇಲೆ ಬಂದದ್ದು.

ಮ್ಯಾಕ್ರೋ ಫೋಟೋ, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ಕಾಣುವಂತೆ ತೆಗೆಯುವ ಫೋಟೋ, ತೆಗೆಯುವವರಿಗೆ ಇದೆಲ್ಲ ಯಾಕೆ ಬೇಕು ಅಂತ ಕೇಳಬಹುದು. ಬೇಕು. ಯಾವ ಕನಿ ಎಲ್ಲಿ ಸಿಗುತ್ತದೆ, ಯಾವ ದಿನ ಬೇಗ ಏಳಬೇಕು, ಯಾವ ದಿನ ಸುಮ್ನೆ ಮಲಗಿದರೂ ನಷ್ಟ ಇಲ್ಲ, ಇದೆಲ್ಲ ಕನಿ ಎಲ್ಲಿಂದ ಬಂತು ಅನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಲೆನ್ಸಿನ ವಿಷಯ ಆಮೇಲೆ ಮಾತಾಡೋಣ.

[ದೃಶ್ಯ: ರಾತ್ರಿ. ಮೋಡವಿಲ್ಲದ ಆಕಾಶ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ.]

ಸೂರ್ಯ ಮುಳುಗಿದ ಮೇಲೆ ಎಲೆ ತನ್ನ ಬಿಸಿಯನ್ನು ಆಕಾಶದ ಕಡೆಗೆ ಬಿಡುತ್ತಾ ಇರುತ್ತದೆ. ಮೇಲೆ ಮೋಡ ಇಲ್ಲದಿದ್ದರೆ ಆ ಬಿಸಿ ಹೋಯಿತು ಅಂದರೆ ಹೋಯಿತು. ಹಾಗಾಗಿ ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ನೀರಾವಿ ಆ ತಣ್ಣನೆಯ ಎಲೆಗೆ ತಾಗಿ ನೀರಾಗುತ್ತದೆ. ಇದು ಇಬ್ಬನಿ. ಅದು ಮಳೆಯ ಹಾಗೆ ಮೇಲಿನಿಂದ ಬೀಳುವುದಿಲ್ಲ, ಎಲೆಯ ಮೇಲೆಯೇ ಹುಟ್ಟುತ್ತದೆ. ಮೋಡ ಇದ್ದರೆ ಎಲೆ ಬಿಟ್ಟ ಬಿಸಿಗೆ ಹೆಚ್ಚುಕಡಿಮೆ ಸಮನಾದ ಬಿಸಿ ಮೋಡದಿಂದ ಕೆಳಗೆ ಬರುತ್ತಾ ಇರುತ್ತದೆ, ಎಲೆ ಅಷ್ಟಾಗಿ ತಣಿಯುವುದಿಲ್ಲ. ಗಾಳಿ ಬೀಸುತ್ತಿದ್ದರೆ ಬಿಸಿ ಗಾಳಿ ಬಂದು ಎಲೆಗೆ ತಾಗುತ್ತಾ ಇರುತ್ತದೆ, ಆಗಲೂ ಕನಿ ಕಟ್ಟುವುದು ಕಡಿಮೆ.

ನಮ್ಮ ಕಾಸರಗೋಡಿನಲ್ಲಿ ಗಾಳಿಯ ತೇವಕ್ಕೆ ಬರ ಇಲ್ಲ, ಸಮುದ್ರ ಪಕ್ಕದಲ್ಲೇ ಇದೆ. ನಮಗೆ ಬೇಕಾದ್ದು ನಿರ್ಮಲ ಆಕಾಶ. ಅದು ಸಿಗುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿ ತನಕ. ಅಂಗಳದಲ್ಲಿ ಅಡಿಕೆ ಹರಡುವ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಕ್ಷತ್ರ ಚೆನ್ನಾಗಿ ಕಂಡ ರಾತ್ರಿಯ ಮರುದಿನ ಅಡಿಕೆ ಒದ್ದೆಯಾಗಿರುತ್ತದೆ. ಮೋಡ ಕವಿದಿದ್ದರೆ ಒಣಗಿಯೇ ಇರುತ್ತದೆ. ಹಾಗಾಗಿ ಮಲಗುವ ಮೊದಲು ಒಮ್ಮೆ ಅಂಗಳಕ್ಕೆ ಇಳಿದು ತಲೆ ಎತ್ತಿ ನೋಡಿ. ಅಲಾರಂ ಇಡಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ.

[ದೃಶ್ಯ: ನಾಲ್ಕು ಕಾಲಿನ ಮೇಲೆ ಎತ್ತರಿಸಿ ಇಟ್ಟ ಒಂದು ಹಲಗೆ. ಮೇಲೊಂದು, ಕೆಳಗೊಂದು ಉಣ್ಣೆಯ ಉಂಡೆ. ಸರಳ ಚಿತ್ರ ಸಾಕು.]

ಇದನ್ನು ಸರಿಯಾಗಿ ತೋರಿಸಿಕೊಟ್ಟದ್ದು ಲಂಡನ್ನಿನ ಒಬ್ಬ ವೈದ್ಯ, ವಿಲಿಯಂ ಚಾರ್ಲ್ಸ್ ವೆಲ್ಸ್. ಅವರ ಬರಹ ಪ್ರಕಟವಾದದ್ದು 1814ರಲ್ಲಿ. ರಾತ್ರಿ ತೋಟದಲ್ಲಿ ಒಂದು ಹಲಗೆಯನ್ನು ಎತ್ತರಿಸಿ ಇಟ್ಟರು. ಒಂದೇ ತೂಕದ ಉಣ್ಣೆಯನ್ನು ಹಲಗೆಯ ಮೇಲೂ ಇಟ್ಟರು, ಕೆಳಗೂ ಇಟ್ಟರು. ಆಮೇಲೆ ತೂಗಿ ನೋಡಿದರೆ ಆಕಾಶಕ್ಕೆ ಮುಖ ಮಾಡಿದ ಉಣ್ಣೆಯೇ ತುಂಬಾ ಹೆಚ್ಚು ನೀರು ಹೀರಿತ್ತು. ಎಷ್ಟು ಸರಳ, ಎಷ್ಟು ಚಂದದ ಪ್ರಯೋಗ ನೋಡಿ.

ಆ ಹಲಗೆ ನಮ್ಮಲ್ಲೂ ಇದೆ. ಅಡಿಕೆ ಸೋಗೆಯೇ ನಮ್ಮ ಹಲಗೆ. ತೋಟದೊಳಗಿನ ಗಿಡಕ್ಕೆ ಮೇಲೆ ಕಾಣುವುದು ಸೋಗೆ, ಆಕಾಶ ಅಲ್ಲ. ಅಲ್ಲಿ ಇಬ್ಬನಿ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಅಂಗಳದ ಬದಿಯ ದಾಸವಾಳ, ಬಾವಿಕಟ್ಟೆ ಹತ್ತಿರದ ಅಬ್ಬಲಿಗೆ, ಗದ್ದೆ ಹುಣಿಯ ಹುಲ್ಲು, ಗುಡ್ಡೆಯ ಬದಿಯ ತುಂಬೆ, ಹೀಗೆ ನೇರ ಆಕಾಶ ಕಾಣುವ ಕಡೆಗೆ ಹೋಗಿ.

[ದೃಶ್ಯ: ತೋಟದ ಕಣಿಯ (ನೀರು ಹರಿಯುವ ಕಾಲುವೆಯ) ಬದಿಯಲ್ಲಿ ಕೆಸು. ಎಲೆಯ ತುದಿಯಿಂದ ಕನಿ ಬೀಳುತ್ತದೆ. ಮತ್ತೊಂದು ನಿಧಾನಕ್ಕೆ ಊರುತ್ತದೆ.]

ಈಗ ಎರಡನೆಯ ಕನಿ. ಇದಕ್ಕೆ ಆಕಾಶದ ಹಂಗಿಲ್ಲ. ಮಣ್ಣು ಚೆನ್ನಾಗಿ ಒದ್ದೆ ಇದ್ದಾಗ ಬೇರು ರಾತ್ರಿಯೂ ನೀರನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ಎಲೆಯ ಉಸಿರಾಟದ ರಂಧ್ರಗಳು ಮುಚ್ಚಿರುತ್ತವೆ, ಗಾಳಿಯೂ ತೇವ. ನೀರು ಆವಿಯಾಗಿ ಹೋಗಲು ದಾರಿ ಇಲ್ಲ. ಆಗ ಅದು ಎಲೆಯ ತುದಿಯಲ್ಲಿ, ಅಂಚಿನಲ್ಲಿ ಇರುವ ಬೇರೆ ಸಣ್ಣ ಬಾಯಿಗಳಿಂದ ಹೊರಗೆ ಬರುತ್ತದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಗಟ್ಟೇಶನ್ ಅನ್ನುತ್ತಾರೆ.

ಗುರುತಿಸುವುದು ಸುಲಭ. ಎಲೆಯ ಮೈಮೇಲೆಲ್ಲ ಕನಿ ಇದ್ದರೆ ಇಬ್ಬನಿ. ತುದಿಯಲ್ಲಿ ಮಾತ್ರ, ಅಥವಾ ಅಂಚಿನ ಉದ್ದಕ್ಕೂ ಪೋಣಿಸಿದಂತೆ ಸಾಲಾಗಿ ಇದ್ದರೆ ಗಿಡದ ನೀರು. ಗರಿಕೆಯ ತುದಿಯ ಕನಿ, ಟೊಮೆಟೊ ಎಲೆಯ ಅಂಚಿನ ಕನಿ, ಕೆಸುವಿನ ತುದಿಯ ಕನಿ ಹೆಚ್ಚಾಗಿ ಈ ಜಾತಿಯವು. ಇದರಲ್ಲಿ ಲವಣ, ಸಕ್ಕರೆ ಎಲ್ಲ ಸ್ವಲ್ಪ ಕರಗಿರುತ್ತದೆ. ಅದಕ್ಕೇ ಒಣಗಿದ ಮೇಲೆ ಕೆಲವೊಮ್ಮೆ ಬಿಳಿ ಕಲೆ ಉಳಿಯುತ್ತದೆ.

ಫೋಟೋಗೆ ಇದು ನಿಜವಾಗಿಯೂ ವರ. ಮೋಡದ ದಿನವೂ ಸಿಗುತ್ತದೆ, ತೋಟದ ನೆರಳಿನಲ್ಲೂ ಸಿಗುತ್ತದೆ. ಸಂಜೆ ಸ್ಪ್ರಿಂಕ್ಲರ್ ಬಿಟ್ಟಿದ್ದರೆ ಮರುದಿನ ಬೆಳಗ್ಗೆ ಕಣಿಯ ಬದಿಯ ಕೆಸುವನ್ನು ನೋಡಿ. ಒಂದು ಕನಿ ಬಿದ್ದರೂ ಬೇಸರ ಬೇಡ, ಅದೇ ಜಾಗದಲ್ಲಿ ಇನ್ನೊಂದು ಬರುತ್ತದೆ. ಟ್ರೈಪಾಡ್ ಇಟ್ಟು ಫೋಕಸ್ ಸರಿಮಾಡಿ ಕಾಯಬಹುದು. ಇಬ್ಬನಿಯಲ್ಲಿ ಈ ಸೌಕರ್ಯ ಇಲ್ಲ.

ಕೆಸುವಿನ ಎಲೆಯ ನಡುವೆ ಉರುಟಾಗಿ ಓಡಾಡುವ ನೀರನ್ನೂ ನೋಡಿರುತ್ತೀರಿ. ಪತ್ರೊಡೆಗೆ ಎಲೆ ತೊಳೆಯುವಾಗ ನೀರು ನಿಲ್ಲುವುದೇ ಇಲ್ಲ. ಆ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಅದರ ಮೇಲೆ ಮೇಣ. ನೀರು ಆ ಉಬ್ಬುಗಳ ತುದಿಯಲ್ಲಿ ಮಾತ್ರ ಕೂರುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ತಾವರೆ ಎಲೆಯದೂ ಇದೇ ಗುಟ್ಟು. 1997ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ ಇದನ್ನು ವಿವರಿಸಿದ ಪ್ರಬಂಧ ತುಂಬಾ ಪ್ರಸಿದ್ಧ. ದಾಸವಾಳದ ಎಲೆಯಲ್ಲಿ ನೀರು ಚಪ್ಪಟೆಯಾಗಿ ಹರಡುತ್ತದೆ. ಉರುಟು ಕನಿ ಬೇಕಾದರೆ ಕೆಸು ಅಥವಾ ಹುಲ್ಲಿನ ತುದಿಯೇ ಒಳ್ಳೆಯದು. ಮುಂದಿನ ಕೆಲಸಕ್ಕೆ ನಮಗೆ ಉರುಟು ಕನಿಯೇ ಬೇಕು.

[ದೃಶ್ಯ: ಹುಲ್ಲಿನ ತುದಿಯ ಕನಿ. ನಿಧಾನಕ್ಕೆ ಹತ್ತಿರ ಹೋದಾಗ ಅದರೊಳಗೆ ಕೆಂಪು ದಾಸವಾಳ, ತಲೆಕೆಳಗಾಗಿ.]

ಕನಿಯೊಳಗೆ ಹೂ. ಇದನ್ನು ಹೇಗೆ ತೆಗೆಯುವುದು ಅಂತ ಜಾಸ್ತಿ ಜನ ಕೇಳಿದ್ದರು. ಇದಕ್ಕೆ ಕಂಪ್ಯೂಟರ್ ಕೈಚಳಕ ಏನೂ ಬೇಡ. ಉರುಟು ಕನಿ ಒಂದು ಲೆನ್ಸು. ಅದರ ಹಿಂದೆ ಏನಿದೆಯೋ ಅದನ್ನು ಪುಟ್ಟದಾಗಿ, ತಲೆಕೆಳಗಾಗಿ ತೋರಿಸುತ್ತದೆ. ಕನಿಯ ಹಿಂದೆ ಒಂದು ಹೂ ಇಡಿ, ಅಷ್ಟೇ. ಆದರೆ ಎಷ್ಟು ದೂರದಲ್ಲಿ? ಇಲ್ಲೇ ಎಲ್ಲರಿಗೂ ತೊಡಕು.

ಒಂದು ಲೆಕ್ಕ ನೆನಪಿಡಿ. ಹೂವಿನ ಅಗಲ ಎಷ್ಟೋ, ಕನಿಯಿಂದ ಹೂ ಅಷ್ಟಾದರೂ ದೂರ ಇರಬೇಕು. 10 ಸೆಂಟಿಮೀಟರ್ ಅಗಲದ ದಾಸವಾಳವನ್ನು 10 ಸೆಂಟಿಮೀಟರ್ ದೂರ ಇಟ್ಟರೆ ಅದು ಕನಿಯ ಅಂಚಿನಿಂದ ಅಂಚಿಗೆ ತುಂಬುತ್ತದೆ. ಇನ್ನೂ ಹತ್ತಿರ ತಂದರೆ ಬರೀ ಕೆಂಪು ಬಣ್ಣ, ಹೂವಿನ ಆಕಾರ ಇಲ್ಲ. ಅಂಚಿನಲ್ಲಿ ಚಿತ್ರ ಸೊಟ್ಟಗಾಗುತ್ತದೆ, ಹಾಗಾಗಿ ಹೂವಿನ ಅಗಲದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ದೂರ ಇಟ್ಟರೆ ಚಂದ. ಕನಿ ದಪ್ಪ ಇರಲಿ, ಸಣ್ಣದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ನೀರಿನ ಗೋಲ ಬೆಳಕನ್ನು ಬಗ್ಗಿಸುವ ರೀತಿಯೇ ಹಾಗೆ.

ಇನ್ನು ಫೋಕಸ್. ಕನಿಯ ಮೇಲೆ ಫೋಕಸ್ ಮಾಡಿದರೆ ಒಳಗಿನ ಹೂ ಮಸುಕಾಗುತ್ತದೆ. ಯಾಕೆಂದರೆ ಹೂವಿನ ಚಿತ್ರ ನಿಜಕ್ಕೂ ಕನಿಯೊಳಗೆ ಇರುವುದೇ ಇಲ್ಲ! ಅದು ಕನಿಯಿಂದ ಹೊರಗೆ, ಕ್ಯಾಮೆರಾದ ಕಡೆಗೆ, ಗಾಳಿಯಲ್ಲಿ ಮೂಡುತ್ತದೆ. 3 ಮಿಲಿಮೀಟರ್ ಅಗಲದ ಕನಿಯಾದರೆ ಸುಮಾರು ಒಂದೂವರೆ ಮಿಲಿಮೀಟರ್ ಮುಂದೆ. ಹಾಗಾಗಿ ಮೊದಲು ಕನಿಗೆ ಫೋಕಸ್ ಮಾಡಿ, ಅದನ್ನು ಲಾಕ್ ಮಾಡಿ, ಆಮೇಲೆ ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಹೂ ಒಮ್ಮೆಲೇ ಸ್ಪಷ್ಟವಾಗುತ್ತದೆ. ಆ ಕ್ಷಣ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಆಗ ಕನಿಯ ಅಂಚು ಮಸುಕಾಗುವುದಿಲ್ಲವೇ? ಆಗುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ನಿಜ ಗಾತ್ರಕ್ಕೆ, ಅಂದರೆ ಸೆನ್ಸರಿನ ಮೇಲೆ ಕನಿ ತನ್ನ ಗಾತ್ರದಲ್ಲೇ ಮೂಡುವಂತೆ ಒಂದಕ್ಕೆ ಒಂದು ತೆಗೆದರೆ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8ರಲ್ಲಿ ಇದ್ದಾಗ ಸ್ಪಷ್ಟವಾಗಿ ಸಿಗುವ ಆಳ ಬರೀ 1 ಮಿಲಿಮೀಟರ್. ಅಪರ್ಚರ್ ತುಂಬಾ ಕಿರಿದು ಮಾಡಿದರೆ ಇಡೀ ಫೋಟೋ ಮೆದುವಾಗುತ್ತದೆ. ಬದಲಿಗೆ ಸ್ವಲ್ಪ ಹಿಂದೆ ಸರಿದು ಅರ್ಧ ಗಾತ್ರಕ್ಕೆ ತೆಗೆಯಿರಿ. ಅದೇ ಎಫ್ 8ರಲ್ಲಿ ಆಳ 3 ಮಿಲಿಮೀಟರ್ ಹತ್ತಿರ ಬರುತ್ತದೆ. ಆಮೇಲೆ ಕ್ರಾಪ್ ಮಾಡಿದರಾಯಿತು. ಮೊಬೈಲಿನ ಸೆನ್ಸರ್ ಸಣ್ಣದು, ಅದರಲ್ಲಿ ಈ ಆಳ ತಾನಾಗಿಯೇ ಜಾಸ್ತಿ ಸಿಗುತ್ತದೆ. ಈ ಒಂದು ವಿಷಯದಲ್ಲಿ ಮೊಬೈಲ್ ಇದ್ದವರೇ ಅದೃಷ್ಟವಂತರು.

[ದೃಶ್ಯ: ಮೇಜಿನ ಮೇಲೆ ಕ್ಲಿಪ್ ಲೆನ್ಸು, ರಿವರ್ಸಿಂಗ್ ರಿಂಗ್, ಎಕ್ಸ್‌ಟೆನ್ಷನ್ ಟ್ಯೂಬ್.]

ಸಾಮಾನು ಬೇಗ ಹೇಳಿ ಮುಗಿಸುತ್ತೇನೆ. ಕಡಿಮೆ ಬೆಲೆಯ ಮೊಬೈಲಿನಲ್ಲಿ ಬರುವ 2 ಮೆಗಾಪಿಕ್ಸೆಲ್‌ನ ಪ್ರತ್ಯೇಕ ಮ್ಯಾಕ್ರೋ ಕ್ಯಾಮೆರಾ ಬೇಡ. ಮುಖ್ಯ ಕ್ಯಾಮೆರಾಕ್ಕೆ ಒಂದು ಕ್ಲಿಪ್ ಲೆನ್ಸು ಸಿಕ್ಕಿಸಿ. ದೊಡ್ಡ ಕ್ಯಾಮೆರಾ ಇದ್ದವರು ಹಳೆಯ 50 ಎಂಎಂ ಲೆನ್ಸನ್ನು ರಿವರ್ಸಿಂಗ್ ರಿಂಗ್‌ನಲ್ಲಿ ತಿರುಗಿಸಿ ಹಾಕಬಹುದು, ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ಮುಂದಕ್ಕೆ ಇಡುವ ಎಕ್ಸ್‌ಟೆನ್ಷನ್ ಟ್ಯೂಬ್ ಆದರೂ ಆಗುತ್ತದೆ. ಏಸಿ ಕೋಣೆಯಲ್ಲಿ ಕ್ಯಾಮೆರಾ ಇಡುವವರು ಬ್ಯಾಗ್ ಸಮೇತ ಜಗಲಿಗೆ ತಂದು ಅರ್ಧ ಗಂಟೆ ಇಡಿ. ಇಲ್ಲದಿದ್ದರೆ ತಣ್ಣನೆಯ ಲೆನ್ಸಿನ ಮೇಲೂ ನೀರು ಕಟ್ಟುತ್ತದೆ. ಮೊಣಕಾಲಿಗೆ ಒಂದು ಅಡಿಕೆ ಹಾಳೆ ಇರಲಿ, ನೆಲ ಒದ್ದೆ.

ಗಾಳಿಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಇಷ್ಟು ಹತ್ತಿರದಲ್ಲಿ ಎಲೆ ಒಂದು ಮಿಲಿಮೀಟರ್ ಆಡಿದರೂ ಫೋಟೋ ಹೋಯಿತು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಏಳುವುದು ಏಳು ಗಂಟೆ ಹೊತ್ತಿಗೆ. ಅಲ್ಲಿಂದ ಮುಂದಿನ ಒಂದು ಗಂಟೆ ಬಂಗಾರ. ನೆಲ ಕಾದ ಮೇಲೆ ಕಡಲ ಗಾಳಿ ಶುರುವಾಗುತ್ತದೆ, ಅಷ್ಟರಲ್ಲಿ ಕನಿಯೂ ಆರಿರುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಒಂದು ಕೋಲಿಗೆ ಕಟ್ಟಿ, ಕೋಲನ್ನು ಮಣ್ಣಿಗೆ ಊರಿ, ಅದರಿಂದ ದಂಟನ್ನು ಮೆಲ್ಲಗೆ ಹಿಡಿಸಿ. ಶಟರ್ 1/200 ಸೆಕೆಂಡ್ ಅಥವಾ ಅದಕ್ಕಿಂತ ಬೇಗ. ಮೊಬೈಲಿನಲ್ಲಿ ಬರ್ಸ್ಟ್, ಅಂದರೆ ಒಂದರ ಹಿಂದೊಂದು ಸಾಲಾಗಿ ಫೋಟೋ ತೆಗೆಯುವುದನ್ನು, ಹಾಕಿ.

ಬೆಳಕು ಕನಿಯ ಹಿಂದಿನಿಂದ, ಓರೆಯಾಗಿ ಬರಲಿ. ಆದರೆ ಒಳಗೆ ಕಾಣಬೇಕಾದ ಹೂವಿನ ಮೇಲೂ ಬೆಳಕು ಬೇಕಲ್ವಾ? ಒಂದು ಬಿಳಿ ಕಾಗದ ಹಿಡಿದು ಸ್ವಲ್ಪ ಬೆಳಕನ್ನು ಹೂವಿನ ಕಡೆಗೆ ತಿರುಗಿಸಿ. ಬಿಸಿಲು ಚುರುಕಾದರೆ ನಡುವೆ ಒಂದು ಬಿಳಿ ಪಂಚೆ ಅಡ್ಡ ಹಿಡಿದರೆ ಸಾಕು. ಮೊಬೈಲಿನ ಫ್ಲ್ಯಾಶ್ ಹಾಕಬೇಡಿ. ಕನಿಯ ಮೇಲೆ ಬಿಳಿ ಚುಕ್ಕೆ ಕೂರುತ್ತದೆ, ಅದನ್ನು ಆಮೇಲೆ ತೆಗೆಯುವುದು ಕಷ್ಟ.

[ದೃಶ್ಯ: ಹೂ ಕೊಯ್ಯುವ ಬುಟ್ಟಿ, ಅದರಲ್ಲಿ ದಾಸವಾಳ, ಕೇಪಳ, ನಂದಿಬಟ್ಟಲು.]

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ದೇವರ ಪೂಜೆಗೆ ಹೂ ಕೊಯ್ಯುವ ಹೊತ್ತೂ ಇದೇ. ಹಿಂದಿನ ದಿನವೇ ಅಮ್ಮನಿಗೋ ಅತ್ತೆಗೋ ಹೇಳಿಡಿ: "ನಾಳೆ ಆ ಒಂದು ಗೆಲ್ಲು ಬಿಡಿ, ಫೋಟೋ ತೆಗೆದ ಮೇಲೆ ನಾನೇ ಕೊಯ್ದು ಕೊಡ್ತೇನೆ." ಗೆಲ್ಲು ಅಲುಗಿದರೆ ಅದರ ಕನಿ ಎಲ್ಲ ಉದುರುತ್ತದೆ. ಅದಕ್ಕೇ ಬೇರೆಯದೇ ಗಿಡ ಬಿಟ್ಟರೆ ಇನ್ನೂ ಒಳ್ಳೆಯದು. ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಸೇರಿಸಿದ ಔಷಧ) ಬಿಟ್ಟಿದ್ದರೆ ಅಡಿಕೆ ಮರದಡಿಯ ಎಲೆಗಳಲ್ಲಿ ನೀಲಿ ಕಲೆ ಇರುತ್ತದೆ. ಬರಿಗಣ್ಣಿಗೆ ಅಷ್ಟು ಕಾಣದಿದ್ದರೂ ಮ್ಯಾಕ್ರೋದಲ್ಲಿ ಎದ್ದು ಕಾಣುತ್ತದೆ. ಹೊಸ ಎಲೆ ಹುಡುಕಿ.

ಸ್ಪ್ರೇ ಬಾಟಲಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಲಿಯಲು ನೀರು ಚಿಮುಕಿಸಿ ತೆಗೆದರೆ ತಪ್ಪಿಲ್ಲ. ಗ್ಲಿಸರಿನ್ ಹಾಕಿದರೆ ಕನಿ ಬೇಗ ಆರುವುದಿಲ್ಲ, ಸ್ಟುಡಿಯೋಗಳಲ್ಲಿ ಹಾಗೆ ಮಾಡುತ್ತಾರೆ. ಹೊರಗಿನ ಹೂವಿಗೆ ಅದನ್ನು ಹಾಕಬೇಡಿ. ಅದು ಅಂಟು, ಜೇನ್ನೊಣಗಳು ಬರುವ ಹೂ ಅದು. ಹುಳವನ್ನು ಫ್ರಿಡ್ಜಿನಲ್ಲಿಟ್ಟು ಮಂಕು ಮಾಡಿ ಹೂವಿನ ಮೇಲೆ ಕೂರಿಸುವುದನ್ನು ನಾನು ಒಪ್ಪುವುದೇ ಇಲ್ಲ. ಬೆಳಗ್ಗಿನ ಚಳಿಗೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ತಾವಾಗಿಯೇ ಮೈತುಂಬ ಇಬ್ಬನಿ ಹೊತ್ತು ಅಲುಗಾಡದೆ ಕೂತಿರುತ್ತವೆ. ಮುಟ್ಟದೆ ತೆಗೆಯಿರಿ. ಫೋಟೋದ ಕೆಳಗೆ ಯಾವ ನೀರು ಅಂತ ಬರೆಯಿರಿ: ಇಬ್ಬನಿ, ಗಿಡದ ನೀರು, ಇಲ್ಲವೇ ಸ್ಪ್ರೇ. ನೋಡುವವರಿಗೆ ಅದೂ ಒಂದು ಪಾಠ.

[ದೃಶ್ಯ: ಮುರಕಲ್ಲಿನ ಗುಡ್ಡೆ. ಕಲ್ಲಿನ ಸಂದಿಯ ಒದ್ದೆ ಹುಲ್ಲಿನ ನಡುವೆ ಕೆಂಪು ಮಿಶ್ರಿತ ಪುಟ್ಟ ಗಿಡ, ಎಲೆಯ ಕೂದಲ ತುದಿಗಳಲ್ಲಿ ಹೊಳೆಯುವ ಹನಿ.]

ಮಳೆಗಾಲದ ಕೊನೆಗೆ ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಈ ಗಿಡ ಕಂಡರೆ ನಿಂತು ನೋಡಿ. ಇದು ಡ್ರಾಸೆರಾ. ನಡು ಮಧ್ಯಾಹ್ನದ ಬಿಸಿಲಿಗೂ ಇದರ ಹನಿ ಆರುವುದಿಲ್ಲ, ಯಾಕೆಂದರೆ ಇದು ನೀರಲ್ಲ, ಹುಳ ಹಿಡಿಯುವ ಅಂಟು. ಗಿಡ ತುಂಬಾ ಸಣ್ಣದು, ಫೋಟೋಗೆ ಮಲಗುವ ಮೊದಲು ಸುತ್ತಮುತ್ತ ನೋಡಿಕೊಳ್ಳಿ, ಇನ್ನೊಂದು ಗಿಡ ನಿಮ್ಮ ಮೊಣಕೈ ಕೆಳಗೇ ಇರಬಹುದು. ಅದರ ಬಗ್ಗೆಯೇ ಒಂದು ಪೂರ್ತಿ ವಿಡಿಯೋ ಮಾಡುತ್ತೇನೆ. ಅಷ್ಟರೊಳಗೆ ಕನಿಯೊಳಗಿನ ಹೂವಿನ ಫೋಟೋ ತೆಗೆದವರು, ಹೂವನ್ನು ಎಷ್ಟು ದೂರದಲ್ಲಿ ಇಟ್ಟಿದ್ದಿರಿ ಅಂತಲೂ ಸೇರಿಸಿ ಕಳಿಸಿ.