ದೀಪದ ಕೆಲಸ ಹಗಲಿನದು

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರದಲ್ಲಿ ನನ್ನ ಮಾತಿಗೆ ‘ದ್ವೀಪದ ಏಕಾಂತ’ ಅಂತ ಹೆಸರು ಹಾಕಿದ್ದಾರೆ. ಚಂದದ ಹೆಸರು. ಆದರೆ ನನಗೆ ಇವತ್ತು ಗಾಜು ಒರೆಸುವ ಬಗ್ಗೆ ಮಾತಾಡಬೇಕಾಗಿದೆ. ಅದಕ್ಕೊಂದು ಕಾರಣ ಇದೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕಳೆದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಕಾಪು ಲೈಟ್‌ಹೌಸಿಗೆ ಹೋಗಿದ್ದೆ. ನಿಮಗೆಲ್ಲ ಗೊತ್ತಿರುವ ಜಾಗ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಗೋಪುರ, ಎತ್ತರ 27 ಮೀಟರ್. ಮೇಲೆ ಗಾಳಿ ಜೋರಿತ್ತು. ನಮ್ಮ ಪಕ್ಕದಲ್ಲಿ ಒಬ್ಬರು ತಮ್ಮ ಮಗನಿಗೆ ವಿವರಿಸುತ್ತಿದ್ದರು. “ಮೊದಲು ಇಲ್ಲಿ ಒಬ್ಬ ಇರುತ್ತಿದ್ದ. ರಾತ್ರಿ ದೀಪ ಹಚ್ಚುವುದು, ಹಗಲು ಮಲಗುವುದು. ಈಗ ಸ್ವಿಚ್ ಬಂತಲ್ಲ, ಅವನು ಬೇಡ” ಅಂದರು. ಪಾಪ, ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೆಚ್ಚಿನವರು ಹಾಗೇ ತಿಳಿದಿದ್ದಾರೆ. ಆದರೆ ಆ ‘ಹಗಲು ಮಲಗುವುದು’ ಅನ್ನುವ ಮಾತು ನನ್ನನ್ನು ಆ ರಾತ್ರಿ ಮಲಗಲು ಬಿಡಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

1978ರಿಂದ ಮೂರು ಬೇಸಿಗೆ ನಾನು ಕಾರವಾರದ ಕಡೆಯ ಒಂದು ದ್ವೀಪದ ಲೈಟ್‌ಹೌಸಿನಲ್ಲಿ ಬದಲಿ ಆಳಾಗಿ ಇದ್ದೆ. ಆಗ ನಾನು ಬಿ.ಎಸ್ಸಿ. ವಿದ್ಯಾರ್ಥಿ. ಏಪ್ರಿಲ್, ಮೇ ಅಂದರೆ ಮದುವೆ, ಉಪನಯನ, ನೇಮ, ಜಾತ್ರೆಗಳ ಕಾಲ ಅಲ್ವಾ? ದ್ವೀಪದಲ್ಲಿ ಹತ್ತು ತಿಂಗಳು ಕಳೆದವರು ಊರಿಗೆ ಹೋಗಬೇಕು. ಅವರ ಜಾಗಕ್ಕೆ ಕೈಕಾಲು ಗಟ್ಟಿ ಇರುವ ಒಬ್ಬ ಹುಡುಗ ಬೇಕು. ಹಾಗೆ ನಾನು ಹೋದೆ. ಅಲ್ಲಿ ಒಬ್ಬರು ಹಿರಿಯ ಕೀಪರ್ ಇದ್ದರು. ಮಾತು ಕಡಿಮೆ. ಮೊದಲ ದಿನ ನಾನು ಟ್ರಂಕು ಕೆಳಗಿಡುವ ಮೊದಲೇ ನನ್ನ ಬೆರಳು ನೋಡಿ, “ಉಂಗುರ ತೆಗೆದಿಡು” ಅಂದರು. ಅಮ್ಮ ಹಾಕಿಸಿದ ನವರತ್ನದ ಉಂಗುರ. ತೆಗೆಯಲು ಮನಸ್ಸಿರಲಿಲ್ಲ. ಎರಡನೇ ಸಲ ಹೇಳಿದಾಗ ತೆಗೆದೆ. ಯಾಕೆಂದರೆ ಲೆನ್ಸಿಗೆ ಒಂದು ಗೀರು ಬಿದ್ದರೆ ಅದು ಹೋಗುವುದಿಲ್ಲ. ಹಿಂದಿನ ಕಾಲದ ಕೀಪರ್‌ಗಳು ಅಂಗಿಯ ಗುಂಡಿ ತಾಗಬಾರದು ಅಂತ ಮೇಲೊಂದು ಬಟ್ಟೆಯ ಏಪ್ರನ್ ಕಟ್ಟಿಕೊಂಡೇ ಲೆನ್ಸಿನ ಹತ್ತಿರ ಹೋಗುತ್ತಿದ್ದರು.

ಲೆನ್ಸ್ ಅಂದರೆ ಕನ್ನಡಕದ ಗಾಜಿನ ಹಾಗೆ ಅಂದುಕೊಳ್ಳಬೇಡಿ. ಅದರೊಳಗೆ ಮನುಷ್ಯ ನಿಲ್ಲಬಹುದು. ನಡುವೆ ಒಂದು ಉಬ್ಬು ಗಾಜು, ಸುತ್ತ ಬಳೆಗಳ ಹಾಗೆ ಗಾಜಿನ ಪಟ್ಟಿಗಳು, ಎಲ್ಲವನ್ನೂ ಹಿಡಿದಿಟ್ಟ ಹಿತ್ತಾಳೆಯ ಚೌಕಟ್ಟು. ಫ್ರಾನ್ಸಿನ ಫ್ರೆನೆಲ್ ಅನ್ನುವ ಎಂಜಿನಿಯರ್ ಮಾಡಿದ ಯೋಚನೆ ಇದು. 1823ರಲ್ಲಿ ಅಲ್ಲಿಯ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಕೂರಿಸಿದರು. ಇಡೀ ದಪ್ಪ ಗಾಜು ಬೇಕಾಗಿಲ್ಲ, ಬೆಳಕನ್ನು ಬಗ್ಗಿಸುವ ಮೈ ಮಾತ್ರ ಸಾಕು, ಅದನ್ನು ತುಂಡು ತುಂಡಾಗಿ ಜೋಡಿಸಿದರೆ ಆಯಿತು ಅಂತ ಆತ ಕಂಡುಕೊಂಡ. ಎಲ್ಲ ಕಡೆಗೆ ಚದುರಿ ಹೋಗುವ ಬೆಳಕನ್ನು ಈ ಗಾಜುಗಳು ಹಿಡಿದು, ಒಂದೇ ಕಟ್ಟಾಗಿ ಕಡಲಿಗೆ ಕಳಿಸುತ್ತವೆ.

ಒಳಗಿನ ದೀಪ ಎಷ್ಟು ದೊಡ್ಡದು ಅಂತೀರಿ? ನಮ್ಮ ಬಯಲಾಟದ ಗ್ಯಾಸ್‌ಲೈಟ್ ನೆನಪು ಮಾಡಿಕೊಳ್ಳಿ. ಇಲ್ಲಿರುವ ಹಿರಿಯರು ನೋಡಿದ್ದೀರಿ. ಅದೇ ಜಾತಿ, ಸ್ವಲ್ಪ ದೊಡ್ಡದು. ಸೀಮೆಎಣ್ಣೆಗೆ ಪಂಪು ಹೊಡೆಯಬೇಕು, ಸ್ಪಿರಿಟ್ ಉರಿಸಿ ಕೊಳವೆ ಕಾಯಿಸಬೇಕು, ಎಣ್ಣೆ ಆವಿಯಾಗಿ ಮ್ಯಾಂಟಲ್ ಅನ್ನುವ ಬಲೆಯಂಥ ಸಣ್ಣ ಚೀಲದಲ್ಲಿ ಬೆಳ್ಳಗೆ ಉರಿಯಬೇಕು. ರಂಗಸ್ಥಳದಲ್ಲಿ ನಾಲ್ಕು ಸಾಲು ಜನಕ್ಕೆ ವೇಷದ ಮುಖ ತೋರಿಸುತ್ತಿದ್ದ ಅಂಥದೇ ಬೆಳಕು, ಈ ಗಾಜಿನೊಳಗೆ ಹೊಕ್ಕು ಹೊರಟರೆ ಮೈಲುಗಟ್ಟಲೆ ದೂರದ ಹಡಗಿಗೆ ಕಾಣುತ್ತದೆ. ಗಾಜು ಮಸುಕಾದರೆ ಮಾತ್ರ ಎಷ್ಟು ಪಂಪು ಹೊಡೆದರೂ ಪ್ರಯೋಜನ ಇಲ್ಲ. ಅದಕ್ಕೇ ನಾನು ಹೇಳುವುದು, ದೀಪದ ಕೆಲಸ ಹಗಲಿನದು.

ನಮ್ಮ ದಿನ ಹೇಗಿತ್ತು ಕೇಳಿ. ಸೂರ್ಯ ಹುಟ್ಟುವಾಗ ದೀಪ ಆರಿಸುವುದು. ಕೂಡಲೇ ಲೆನ್ಸಿನ ಸುತ್ತ ಪರದೆ ಎಳೆಯುವುದು. ಇದು ಬಹಳ ಮುಖ್ಯ. ಒಳಗಿನ ಬೆಳಕನ್ನು ಹೊರಗೆ ಕಳಿಸುವ ಗಾಜು, ಹೊರಗಿನ ಬಿಸಿಲನ್ನೂ ಹಾಗೆಯೇ ಒಳಗೆ ಒಂದು ಬಿಂದುವಿಗೆ ತರುತ್ತದೆ. ಭೂತಕನ್ನಡಿಯಲ್ಲಿ ಕಾಗದ ಸುಟ್ಟಿದ್ದೀರಲ್ಲ? ಪರದೆ ಮರೆತರೆ ದೀಪವೇ ಸುಟ್ಟುಹೋಗಬಹುದು. ಆಮೇಲೆ ಒಂದು ಲೋಟ ಚಾ. ಬಿಸಿಲು ಏರುವ ಮೊದಲು ಒರೆಸುವ ಕೆಲಸ ಮುಗಿಯಬೇಕು. ಸುತ್ತ ಗಾಜಿನ ಗೋಡೆ, ಏಪ್ರಿಲಿನ ಬಿಸಿಲು. ಹತ್ತು ಗಂಟೆಗೆ ಆ ಕೋಣೆ ಅಕ್ಕಿ ಬೇಯಿಸುವ ಹಂಡೆಯ ಹಾಗೆ ಆಗುತ್ತಿತ್ತು.

ಮೊದಲು ಮೆತ್ತಗಿನ ಕುಂಚದಿಂದ ಧೂಳು ತೆಗೆಯುವುದು, ಆಮೇಲೆ ಸ್ಪಿರಿಟ್ ಹಾಕಿ ಒರೆಸುವುದು, ಕೊನೆಗೆ ಮೆದು ಚರ್ಮದಿಂದ ಉಜ್ಜುವುದು. ಹೊರಗಿನ ಕಿಟಕಿ ಗಾಜು ಇನ್ನೂ ಕಷ್ಟ. ರಾತ್ರಿಯೆಲ್ಲ ಗಾಳಿ ಉಪ್ಪು ತಂದು ಮೆತ್ತಿರುತ್ತದೆ. ಅದನ್ನು ಸಿಹಿನೀರಿನಿಂದಲೇ ತೊಳೆಯಬೇಕು. ನಮಗೆ ಸಿಹಿನೀರು ಬರುವುದು ದೋಣಿಯಲ್ಲಿ, ಪೀಪಾಯಿಯಲ್ಲಿ. ಮೇ ತಿಂಗಳಿನಲ್ಲಿ ತೆರೆ ಎದ್ದರೆ ದೋಣಿ ಬಂಡೆಗೆ ತಾಗುವ ಹಾಗಿಲ್ಲ, ನೀರೂ ಇಲ್ಲ. ಅಂಥ ದಿನ ನಾವು ಉಪ್ಪುನೀರಿನಲ್ಲಿ ಸ್ನಾನ ಮಾಡುತ್ತಿದ್ದೆವು, ಗಾಜಿಗೆ ಸಿಹಿನೀರಿನ ಸ್ನಾನ. ಕುಚ್ಚಲಕ್ಕಿ ಗಂಜಿಗೆ ಒಂದು ಪಾಲು ಸಮುದ್ರದ ನೀರು ಬೆರೆಸಿದರೆ ಉಪ್ಪು ಹಾಕುವುದು ಬೇಡ, ಅಷ್ಟು ಸಿಹಿನೀರು ಉಳಿಯಿತು. ಜೊತೆಗೆ ಸುಟ್ಟ ಒಣಮೀನು, ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ. ಆ ಗಂಜಿಯ ರುಚಿ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಊಟದ ನಂತರ ಯಂತ್ರದ ಕೆಲಸ. ಕಡಲಿನವರಿಗೆ ಬೆಳಕು ಬಂದು ಹೋಗಿ ಮಿನುಗಬೇಕಾದರೆ ಲೆನ್ಸು ತಿರುಗಬೇಕಲ್ಲ? ಅದಕ್ಕೆ ಗೋಡೆ ಗಡಿಯಾರದ ಹಾಗೆ ಹಲ್ಲುಚಕ್ರಗಳು, ಗೋಪುರದ ನಡುವೆ ಕೆಳಗಿಳಿಯುವ ತೂಕದ ಕಲ್ಲು. ತೂಕ ಇಳಿಯುತ್ತಾ ಚಕ್ರ ತಿರುಗಿಸುತ್ತದೆ. ಕೆಲವು ಗಂಟೆಗೊಮ್ಮೆ ಹಿಡಿಕೆ ತಿರುಗಿಸಿ ಅದನ್ನು ಮೇಲೆತ್ತಬೇಕು. ಹಲ್ಲುಚಕ್ರಕ್ಕೆ ದಿನವೂ ಎಣ್ಣೆ ಬಿಡಬೇಕು, ಉಪ್ಪಿನ ಜಿಡ್ಡು ತೆಗೆಯಬೇಕು. ಅದು ನನ್ನ ಪಾಲಿನ ಕೆಲಸ.

ಈಗ ಆ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಇದನ್ನು ಹೇಳದಿದ್ದರೆ ನಾನು ಇಲ್ಲಿಗೆ ಬಂದೂ ಉಪಯೋಗ ಇಲ್ಲ.

ಎರಡನೇ ಬೇಸಿಗೆ, ಮೇ ತಿಂಗಳು. ಒಂದು ಮಧ್ಯಾಹ್ನ ವಿಪರೀತ ಸೆಕೆ. ದೋಣಿಯಲ್ಲಿ ಯಾರೋ ಒಂದು ಪತ್ತೇದಾರಿ ಕಾದಂಬರಿ ಕಳಿಸಿದ್ದರು. ಅದನ್ನು ಓದುತ್ತಾ ನೆಲದ ಮೇಲೆ ಮಲಗಿದೆ. ನಿದ್ದೆ ಬಂತು. ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಒಂದು ದಿನ ಎಣ್ಣೆ ಬಿಡದಿದ್ದರೆ ಏನಾಗುತ್ತದೆ ಅಂದುಕೊಂಡೆ. ಆ ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ನನ್ನ ಕಾವಲು. ಗಂಟೆಗೊಮ್ಮೆ ವಾಚು ಹಿಡಿದು ಲೆನ್ಸು ಒಂದು ಸುತ್ತು ಬರಲು ಎಷ್ಟು ಸೆಕೆಂಡು ಅಂತ ನೋಡಬೇಕು. ನಾನು ನೋಡಲಿಲ್ಲ. ತಿರುಗುತ್ತಿದೆಯಲ್ಲ ಅಂತ ಲಾಗ್‌ಬುಕ್ಕಿನಲ್ಲಿ ‘ಸರಿ ಇದೆ’ ಎಂದು ಬರೆದೆ. ನಾಲ್ಕು ಸಲ ಬರೆದೆ.

ಬೆಳಿಗ್ಗೆ ಒಂದು ನಾಡದೋಣಿ ಬಂಡೆಯ ಹತ್ತಿರ ಬಂತು. ಆಗಾಗ ನಮಗೆ ಮೀನು ಕೊಟ್ಟು ಹೋಗುತ್ತಿದ್ದ ಮುದುಕ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು. ಅವತ್ತು ಮೀನು ಕೊಡಲಿಲ್ಲ. ನೀರಿನಿಂದಲೇ ಕೂಗಿ ಕೇಳಿದರು. “ತಮ್ಮಾ, ರಾತ್ರಿ ದೀಪಕ್ಕೆ ಜ್ವರ ಬಂದಿತ್ತಾ?”

ನಾನು, “ಇಲ್ಲ ಮಾಮ, ಸರಿ ಇತ್ತಲ್ಲ” ಅಂದೆ.

“ಸರಿ ಇರಲಿಲ್ಲ” ಅಂದರು. “ನಾನು ಎಣಿಸಿದ್ದೇನೆ.”

ಅವರ ಹತ್ತಿರ ವಾಚು ಇರಲಿಲ್ಲ. ಹೇಗೆ ಎಣಿಸಿದರು ಗೊತ್ತಾ? ಮನೆಯವರ ಹೆಸರು ಹೇಳುತ್ತಾ. ಒಂದು ಬೆಳಕು ಬಂದು ಹೋದ ಕೂಡಲೇ ಹೆಂಡತಿಯ ಹೆಸರಿನಿಂದ ಶುರು. ಆಮೇಲೆ ಮಕ್ಕಳು ದೊಡ್ಡವರಿಂದ ಚಿಕ್ಕವರಿಗೆ, ಆಮೇಲೆ ಸೊಸೆಯಂದಿರು, ಕೊನೆಗೆ ಮೊಮ್ಮಗ. ಒಟ್ಟು ಹನ್ನೊಂದು. ಮೊಮ್ಮಗನ ಹೆಸರು ಬಾಯಿಗೆ ಬರುವಾಗ ಮುಂದಿನ ಬೆಳಕು ಬರಬೇಕು. ಎಷ್ಟೋ ವರ್ಷದಿಂದ ಹಾಗೇ ಬರುತ್ತಿತ್ತು. ಮನೆಗೆ ಸೊಸೆ ಬಂದಾಗ ಹೆಸರು ಬೇಗ ಬೇಗ ಹೇಳಿ ಲೆಕ್ಕ ಸರಿ ಮಾಡಿಕೊಂಡರಂತೆ! “ನಿನ್ನೆ ಇಬ್ಬರು ಅಳಿಯಂದಿರನ್ನು ಸೇರಿಸಿದೆ, ಆದರೂ ಬೆಳಕು ಬರಲಿಲ್ಲ” ಅಂದರು.

ಇದನ್ನು ಕೇಳಿ ನೀವು ನಕ್ಕಿರಿ. ಅಂದು ನನಗೂ ನಗು ಬಂತು. ಆದರೆ ಮುಂದಿನ ಮಾತು ಕೇಳಿ. ಪ್ರತಿ ಲೈಟ್‌ಹೌಸಿಗೂ ತನ್ನದೇ ಮಿನುಗು ಇರುತ್ತದೆ. ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಅನ್ನುವುದೇ ಅದರ ಹೆಸರು. ಕತ್ತಲಲ್ಲಿ ಕಡಲಿನವನಿಗೆ ಗೋಪುರ ಕಾಣುವುದಿಲ್ಲ, ಬರೀ ಮಿನುಗು ಕಾಣುತ್ತದೆ. ಅದು ನಿಧಾನವಾದರೆ ಇದು ಬೇರೆ ದೀಪ, ನಾವು ದಾರಿ ತಪ್ಪಿದ್ದೇವೆ ಅಂತ ಅವನು ತಿಳಿಯಬೇಕು. ತಾಂಡೇಲರು ಹಾಗೇ ತಿಳಿದರು. ಅಲ್ಲಿ ನೀರಿನೊಳಗೆ ಬಂಡೆಗಳಿವೆ. ಆರು ಜನ ಇದ್ದ ದೋಣಿಯನ್ನು ಒಳಗೆ ತರಲು ಅವರಿಗೆ ಧೈರ್ಯ ಬರಲಿಲ್ಲ. ಬೆಳಕು ಹರಿಯುವವರೆಗೆ ಹೊರಗೆ ತೆರೆಯಲ್ಲೇ ನಿಂತರು. ಹಿಡಿದ ಮೀನು ಅರ್ಧಕ್ಕರ್ಧ ಹಾಳಾಯಿತು. ನಾನು ಒಂದು ಮಧ್ಯಾಹ್ನ ಮಲಗಿದ್ದಕ್ಕೆ ಆರು ಮನೆಗೆ ಅವತ್ತಿನ ಸಂಪಾದನೆ ಇಲ್ಲ.

ಹಿರಿಯರು ನನಗೆ ಬೈಯಲಿಲ್ಲ. ಲಾಗ್‌ಬುಕ್ ತಂದು ಮುಂದಿಟ್ಟರು. ‘ಸರಿ ಇದೆ’ ಎಂದು ಬರೆದದ್ದರ ಕೆಳಗೆ, ‘ನೋಡದೆ ಬರೆದದ್ದು’ ಅಂತ ನನ್ನ ಕೈಯಿಂದಲೇ ಬರೆಸಿದರು. ನಾಲ್ಕು ಸಲ. ಆಮೇಲೆ ಇಬ್ಬರೂ ಸೇರಿ ಚಕ್ರಗಳನ್ನೆಲ್ಲ ಬಿಚ್ಚಿ ತೊಳೆದೆವು. ಸಂಜೆ ಅವರು ವಾಚು ಹಿಡಿದು ನಿಂತರು. ನಾನು ಹನ್ನೊಂದು ಹೆಸರು ಹೇಳಿದೆ.

ಕಾಪುವಿನಲ್ಲಿ ಆ ಮಾತು ಕೇಳಿ ನನಗೆ ಯಾಕೆ ನಿದ್ದೆ ಬರಲಿಲ್ಲ ಅಂತ ಈಗ ನಿಮಗೆ ಗೊತ್ತಾಯಿತು.

ಚೀಟಿ ಬಂತು. ಐದು ನಿಮಿಷ ಅಂತೆ. ನಾನು ಬರೆದುಕೊಂಡು ಬಂದದ್ದು ಇನ್ನೂ ಜಾಸ್ತಿ ಇದೆ, ಬೇಗ ಬೇಗ ಹೇಳುತ್ತೇನೆ.

ಪಾದರಸದ ವಿಷಯ. ಟನ್ನುಗಟ್ಟಲೆ ಭಾರದ ಲೆನ್ಸನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುತ್ತಿದ್ದರು. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ತೇಲುತ್ತದೆ. ಒಂದು ಬೆರಳಿನಿಂದ ತಳ್ಳಿದರೂ ತಿರುಗುತ್ತದೆ. ಆದರೆ ಅದರ ಆವಿ ನರಗಳಿಗೆ ವಿಷ. ದೀಪ ಕಾಯುವವರಿಗೆ ಏಕಾಂತದಿಂದ ಹುಚ್ಚು ಹಿಡಿಯುತ್ತದೆ ಅಂತ ಕಥೆಗಳಲ್ಲಿ ಬರುತ್ತದಲ್ಲ, ಆ ಮುಚ್ಚಿದ ಕೋಣೆಯ ಗಾಳಿಯನ್ನೂ ಸ್ವಲ್ಪ ಯೋಚಿಸಬೇಕು. ಏಕಾಂತದ ಬಗ್ಗೆ ನಾನು ಹೇಳುವುದು ಇಷ್ಟೇ. ನಮಗೆ ಪುರುಸೊತ್ತು ಇರಲಿಲ್ಲ.

ಹಕ್ಕಿಗಳು. ಕೆಲವು ರಾತ್ರಿ ಬೆಳಕಿಗೆ ಮರುಳಾಗಿ ಗಾಜಿಗೆ ಬಡಿದು ಬೀಳುತ್ತಿದ್ದವು. ಬದುಕಿದ್ದನ್ನು ಬುಟ್ಟಿಯಲ್ಲಿಟ್ಟು ಬೆಳಿಗ್ಗೆ ಬಿಡುತ್ತಿದ್ದೆವು. ಇದರ ಬಗ್ಗೆ ಹೇಳುವುದು ತುಂಬ ಇತ್ತು. ಇರಲಿ.

ಇನ್ನು ಈಗಿನ ಕಾಲ. ಎಲ್‌ಇಡಿ ಬಂದಿದೆ, ಸೋಲಾರ್ ಬಂದಿದೆ, ಕತ್ತಲಾದರೆ ತಾನಾಗಿ ಹೊತ್ತುವ ದೀಪ ಬಂದಿದೆ. ದೋಣಿಯಲ್ಲಿ ಜಿಪಿಎಸ್ ಇದೆ. 1927ರ ಲೈಟ್‌ಹೌಸ್ ಕಾಯ್ದೆ ಹೋಗಿ 2021ರಲ್ಲಿ ಹೊಸ ಕಾಯ್ದೆಯೂ ಆಯಿತು. ನನಗೆ ಇದೆಲ್ಲ ಸಂತೋಷವೇ. ಸೀಮೆಎಣ್ಣೆ ಡಬ್ಬ ಹೊತ್ತು ಮೆಟ್ಟಿಲು ಹತ್ತಿದವನಿಗೆ ಸೋಲಾರ್ ಅಂದರೆ ಏನು ಅಂತ ಗೊತ್ತು. ಆದರೆ ಸೋಲಾರ್ ಹಲಗೆಯ ಮೇಲೂ ಅದೇ ಉಪ್ಪು ಕೂರುತ್ತದೆ, ಅದೇ ಹಕ್ಕಿ ಹಿಕ್ಕೆ ಹಾಕುತ್ತದೆ. ಒರೆಸಲು ಒಬ್ಬ ಬೇಕು. ಜಿಪಿಎಸ್ ಬ್ಯಾಟರಿ ಸತ್ತ ರಾತ್ರಿ ಮಲ್ಪೆಯ ದೋಣಿಯವನು ತಲೆ ಎತ್ತಿ ನೋಡುವುದು ದಡದ ದೀಪವನ್ನೇ. ಅದಕ್ಕೆ ಕಾಪುವಿಗೆ, ಸುರತ್ಕಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಲ್ಲಿ ಒಂದು ವಿನಂತಿ. ಮೇಲೆ ಹೋಗಿ ಕಡಲು ನೋಡಿ, ಫೋಟೋ ತೆಗೆಯಿರಿ. ಇಳಿದು ಬಂದ ಮೇಲೆ ಅಲ್ಲಿ ಕೆಲಸ ಮಾಡುವವರ ಹತ್ತಿರ, ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಅಂತ ಮಕ್ಕಳ ಬಾಯಿಯಿಂದ ಕೇಳಿಸಿ. ನಿಮ್ಮ ಮನೆಯಲ್ಲಿ ಯಾರಾದರೂ ಈ ಕೆಲಸ ಮಾಡಿದವರಿದ್ದರೆ ಅವರ ದಿನಚರಿ ಬರೆದಿಡಿ. ಯಾವ ಬಟ್ಟೆಯಲ್ಲಿ ಒರೆಸುತ್ತಿದ್ದರು ಅನ್ನುವುದನ್ನೂ ಬಿಡಬೇಡಿ.

ಕೊನೆಗೆ ಒಂದು ಸೂಚನೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಕೆಲವು ವಸ್ತು ಇಟ್ಟಿದ್ದೇನೆ. ಒರೆಸುವ ಚರ್ಮ ಇದೆ, ಹೊಸ ಮ್ಯಾಂಟಲ್ ಇದೆ, ಉರಿದ ಮ್ಯಾಂಟಲ್ ಕೂಡ ಇದೆ. ಉರಿದದ್ದನ್ನು ಮುಟ್ಟಬೇಡಿ, ಪುಡಿಯಾಗುತ್ತದೆ. ಹಳೆಯ ಓವರ್‌ಹೆಡ್ ಪ್ರೊಜೆಕ್ಟರಿನಿಂದ ತೆಗೆದ ಒಂದು ಚಪ್ಪಟೆ ಲೆನ್ಸಿದೆ. ಫ್ರೆನೆಲ್ ಮಾಡಿದ್ದು ಇದನ್ನೇ. ಬೆರಳಾಡಿಸಿದರೆ ಬಳೆ ಬಳೆಯಾಗಿ ಗೆರೆ ಸಿಗುತ್ತದೆ. ಮಕ್ಕಳು ಮುಟ್ಟಿ ನೋಡಲಿ, ಆದರೆ ಹೊರಗೆ ಬಿಸಿಲಿಗೆ ಒಯ್ಯಬೇಡಿ. ದೊಡ್ಡವರೂ ನೋಡಿ. ಉಂಗುರ ಹಾಕಿಕೊಂಡವರು ಮಾತ್ರ ತೆಗೆದಿಟ್ಟು ಮುಟ್ಟಿ.