ಸುಳಿ ಬಿಡಿಸಿ ನೋಡಿ

ರೈತ ಬಾಂಧವರೇ, ನಮಸ್ಕಾರ. ನಿಮ್ಮ ಮುಸುಕಿನ ಜೋಳಕ್ಕೆ ಎರಡು ವಾರ ತುಂಬಿದ್ದರೆ, ಬೆಳಿಗ್ಗೆ ಬದುವಿನ ಮೇಲೆ ನಿಂತು ಕಣ್ಣಾಡಿಸಿ ಬಂದುಬಿಡಬೇಡಿ. ಸಾಲಿಗೆ ಇಳಿಯಿರಿ, ಬಗ್ಗಿ ಸುಳಿ, ಅಂದರೆ ಗಿಡದ ನಡುವಿನ ಎಳೆ ಎಲೆಗಳ ಸುರುಳಿ, ಬಿಡಿಸಿ ನೋಡಿ. ಫಾಲ್ ಸೈನಿಕ ಹುಳು ಕೂರುವುದು ಅಲ್ಲಿಯೇ.

ಅಮೆರಿಕ ಖಂಡದ ಈ ಕೀಟ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ಶಿವಮೊಗ್ಗದ ಹೊಲಗಳಲ್ಲಿ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅನುಮಾನವೇ ಬೇಡ.

ತಾಯಿ ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆಯಿಟ್ಟು ರೋಮದಿಂದ ಮುಚ್ಚುತ್ತದೆ. ಎರಡು ಮೂರು ದಿನಕ್ಕೆ ಮರಿಗಳು ಹೊರಬಂದು ಹಸಿರನ್ನು ಕೆರೆದು ತಿನ್ನುತ್ತವೆ; ಎಲೆಯಲ್ಲಿ ಬಿಳಿಯ ಪೊರೆಯಷ್ಟೇ ಉಳಿಯುತ್ತದೆ. ನಾವು ಎಚ್ಚೆತ್ತುಕೊಳ್ಳಬೇಕಾದದ್ದು ಈಗಲೇ. ಹುಳು ಬಲಿತು ಸುಳಿಯೊಳಗೆ ಇಳಿದರೆ ಒದ್ದೆ ಮರದ ಪುಡಿಯಂಥ ಹಿಕ್ಕೆ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ದುಬಾರಿ ಔಷಧಿ ಹೊಡೆದರೂ ಹುಳುವಿಗೆ ತಾಗುವುದು ಕಷ್ಟ. ದುಡ್ಡು ಸುರಿದೂ ಬೆಳೆ ಕಳೆದುಕೊಳ್ಳುವ ಸಂಕಟ ಯಾರಿಗೂ ಬೇಡ.

ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ. ಮೂರು ವಾರದೊಳಗಿನ ಬೆಳೆಯಲ್ಲಿ ನೂರಕ್ಕೆ ಐದು ಗಿಡ ಕೆಟ್ಟಿದ್ದರೆ ಲೀಟರ್ ನೀರಿಗೆ 1500 ಪಿಪಿಎಂ ಸತ್ವದ ಬೇವಿನ ಔಷಧಿ 5 ಮಿಲಿ ಬೆರೆಸಿ ಸಿಂಪಡಿಸಿ. ಮೊಟ್ಟೆಯ ಗುಂಪು ಸಿಕ್ಕರೆ ಕೈಯಲ್ಲೇ ಹೊಸಕಿ ಹಾಕಿ, ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಬಾಧೆ ನೂರಕ್ಕೆ ಹತ್ತು ಗಿಡ ದಾಟಿದರೆ ಲೀಟರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೀರಿನಲ್ಲಿ ಕರಗುವ ಹರಳು) ಕೀಟನಾಶಕ ಬೆರೆಸಿ. ಸಂಜೆ ಹೊತ್ತು, ನಾಝಲ್ ಸುಳಿಗೇ ಗುರಿಯಿಟ್ಟು ಹೊಡೆಯಿರಿ. ಎಲೆಯ ಮೇಲಷ್ಟೇ ಬಿದ್ದ ಔಷಧಿ ವ್ಯರ್ಥ.

ಬಲಿತ ಹುಳುವಿಗೆ ವಿಷಪಾಷಾಣವೇ, ಅಂದರೆ ವಿಷ ಬೆರೆಸಿದ ತಿನಿಸೇ, ಮೇಲು. ಎಕರೆಗೆ 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲವನ್ನು ಎರಡು ಮೂರು ಲೀಟರ್ ನೀರಿನಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಡಿ. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಸೇರಿಸಿ, ಕೈಗವಸು ತೊಟ್ಟು ಸುಳಿಯೊಳಗೆ ಚಿಟಿಕೆ ಚಿಟಿಕೆ ಹಾಕಿ. ದನಕರುಗಳು ಆ ಹೊಲಕ್ಕೆ ನುಗ್ಗದಂತೆ ಕಾಯಲೇಬೇಕು.

ಸೂಲಂಗಿ (ಗಿಡದ ತುದಿಯ ಹೂಗೊಂಚಲು) ಬಂದ ಮೇಲೆ ಸಿಂಪಡಣೆ ಬಿಡಿ, ಕಂಡ ಹುಳುವನ್ನು ಆರಿಸಿ ಹಾಕಿ. ಕೊಯ್ಲಾದ ಕೂಡಲೇ ಆಳವಾಗಿ ಉಳುಮೆ ಮಾಡಿದರೆ ಮಣ್ಣಿನಲ್ಲಿರುವ ಹುಳುವಿನ ಕೋಶಗಳು ಮೇಲೆದ್ದು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ.